ನಿಂತು ಕುಡಿದ ಚಹಾ, ಕೂತು ಕುಡಿದ ಕಾಫಿ

ಇಟಲಿಗೆ ಹೋಗಿಬಂದವರು ಕನ್ನಡದಲ್ಲಿ ಬರೆಯುವ ಲೇಖನಗಳಲ್ಲಿ ಎರಡು ಸಂಗತಿಗಳು ತಪ್ಪದೆ ಬರುತ್ತವೆ. ಒಂದು, ಬೊಗಸೆಗಿಂತ ಚಿಕ್ಕ ಕಪ್ಪಿನಲ್ಲಿ ಬರುವ ಕಹಿ ಕಾಫಿ. ಇನ್ನೊಂದು, ಕಲ್ಲುಹಾಸಿನ ಬೀದಿಗಳಲ್ಲಿ ಗೊತ್ತುಗುರಿಯಿಲ್ಲದ ಅಡ್ಡಾಟ. ವೆನಿಸ್‌ನ ದೊಡ್ಡ ಚೌಕದಲ್ಲಿ 1720ರಿಂದ ಇರುವ ಫ್ಲೋರಿಯನ್ ಕೆಫೆ, ರೋಮ್‌ನ ಕಾರಂಜಿಗಳು, ಸಂಜೆಯ ಬಿಸಿಲು, ‘ಇವರಿಗೆ ಬದುಕುವುದು ಗೊತ್ತು’ ಎಂಬ ಒಂದು ಉದ್ಗಾರ. ಇಂಥ ಬರಹಗಳನ್ನು ನಾನು ಖುಷಿಯಿಂದಲೇ ಓದುತ್ತೇನೆ. ಇಟಲಿಯನ್ನು ನಾನು ನೋಡಿಲ್ಲ. ನಾನು ಬಲ್ಲ ಪಟ್ಟಣಗಳೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲಿನಲ್ಲಿ ಇದೇ ಕ್ರಮದಲ್ಲಿ ಬರುವ ಮೂರು ಊರು. ಕನ್ನಡ ಕಥನಗಳಲ್ಲಿ ಪಟ್ಟಣ ಹೇಗೆ ಬಂದಿದೆ ಎಂಬುದು ನನ್ನ ಸಂಶೋಧನೆಯ ವಿಷಯವಾದ್ದರಿಂದ, ಎಲ್ಲಿಯ ಬೀದಿಯ ಬಗ್ಗೆ ಓದಿದರೂ ಕಣ್ಣು ಈ ಮೂರು ಊರುಗಳ ಬೀದಿಗೆ ಬಂದು ನಿಲ್ಲುತ್ತದೆ. ಹಾಗೆ ನಿಂತಾಗ ಏಳುವ ಪ್ರಶ್ನೆ ಇದು: ಕಪ್ಪಿನ ರುಚಿಯನ್ನು ಇಷ್ಟು ಸೊಗಸಾಗಿ ಬರೆಯುವ ನಮ್ಮ ಗದ್ಯ, ಕಪ್ಪಿನ ಹಿಂದಿನ ಕೈಗಳ ಬಳಿ ಬಂದಾಗ ಯಾಕೆ ಮೌನವಾಗುತ್ತದೆ?

ಮೊದಲು ಇಟಲಿಯ ಕಪ್ಪನ್ನೇ ನೋಡೋಣ. ಅಲ್ಲಿ ‘ಬಾರ್’ ಎಂದರೆ ಕಾಫಿಯಂಗಡಿ. ಜನ ಕಟ್ಟೆಯ ಮುಂದೆ ನಿಂತು, ಎರಡು ಮೂರು ಗುಟುಕಿನಲ್ಲಿ ಕಾಫಿ ಮುಗಿಸಿ ಕೆಲಸಕ್ಕೆ ಹೊರಡುತ್ತಾರೆ. ನಿಂತು ಕುಡಿದರೆ ಒಂದು ದರ. ಕುರ್ಚಿ ಎಳೆದು ಕೂತರೆ, ಅದೂ ಪ್ರವಾಸಿಗರ ಚೌಕದಲ್ಲಿ ಕೂತರೆ, ಹಲವು ಪಟ್ಟು ಹೆಚ್ಚು. ಊರಿನವರ ಕಾಫಿ ನಿಂತದ್ದು, ಪ್ರವಾಸಿಯ ಕಾಫಿ ಕೂತದ್ದು. ನಮ್ಮ ಲೇಖಕರು ಕೂತ ಕಾಫಿಯನ್ನು ಕುಡಿದು, ಅದನ್ನು ಇಡೀ ಇಟಲಿಯ ಬಿಡುವು ಎಂದು ಬರೆಯುತ್ತಾರೆ. ಅಲ್ಲಿನ ಗಾರೆ ಕೆಲಸದವನು, ಗುಮಾಸ್ತೆ, ಬಸ್ಸಿನ ಚಾಲಕ ನಿಂತು ಕುಡಿದು ಹೊರಡುವ ಆ ಒಂದೂವರೆ ನಿಮಿಷ ಬರಹದಿಂದ ಜಾರಿಹೋಗುತ್ತದೆ.

ಜಾರಿಹೋಗುವ ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಹಲವು ವರ್ಷಗಳಿಂದ ಇಟಲಿಯೇ ಮೊದಲು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು: ಕೊಡಗು, ಚಿಕ್ಕಮಗಳೂರು, ಹಾಸನ. ಇಟಲಿಯವರು ಇಷ್ಟಪಡುವ ಎಸ್ಪ್ರೆಸ್ಸೊದ ಮೇಲಿನ ಕಂದುನೊರೆ ದಟ್ಟವಾಗಿ ಬರಲು ಮಿಶ್ರಣದಲ್ಲಿ ರೊಬಸ್ಟಾ ಬೀಜ ಬೇಕು. ಅದನ್ನು ನಾವು ಹೇರಳವಾಗಿ ಕಳಿಸುತ್ತೇವೆ. ಅಂದರೆ ರೋಮ್‌ನ ಬೀದಿಯಲ್ಲಿ ಕೂತು ‘ನಮ್ಮಲ್ಲಿ ಇಂಥ ಕಾಫಿ ಎಲ್ಲಿ’ ಎಂದು ಬರೆಯುವ ಕನ್ನಡಿಗನ ಕಪ್ಪಿನಲ್ಲಿ ಸೋಮವಾರಪೇಟೆಯ ಕಡೆ ಯಾರೋ ಹೆಂಗಸು ಬಿಡಿಸಿದ ಹಣ್ಣಿನ ಬೀಜ ಇದ್ದೀತು. ಅವನಿಗೆ ಇದು ತಿಳಿದಿರಲೇಬೇಕು ಎಂದಲ್ಲ. ತಿಳಿದಿದ್ದರೆ ಅವನ ವಾಕ್ಯ ಬೇರೆಯಾಗುತ್ತಿತ್ತು ಎಂಬುದಷ್ಟೇ ನನ್ನ ಮಾತು.

ಅಡ್ಡಾಡುವವನಿಗೆ ಇದು ಕಾಣುವುದೇ ಇಲ್ಲವೇ? ಕಾಣಬಹುದು. ಇಟಲಿಯವನೇ ಒಬ್ಬ ಅದಕ್ಕೆ ಸಾಕ್ಷಿ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ತನ್ನ ನಾಡಿಗಿನ್ನೂ ಹೊಸದಾಗಿದ್ದ ಕಾಫಿಯೆಂಬ ಪೇಯವನ್ನು ವರ್ಣಿಸಿದ. ಅದೇ ಮನುಷ್ಯ 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ದಾರಿಯಲ್ಲಿ ಗುಡಿಯ ಜಗಲಿಯ ಮೇಲೆ ಕೆಲವು ಹುಡುಗರು ನೆಲದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ನಿಂತ. ಯಾಕೆ ಹೀಗೆ ಎಂದು ಅವರನ್ನೇ ಕೇಳಿ, ಅವರ ಉತ್ತರವನ್ನು ಬರೆದುಕೊಂಡ. ರಾಜನ ಸಭೆಯನ್ನು ನೋಡಲು ಹೊರಟವನು ಮಕ್ಕಳ ಮುಂದೆ ನಿಂತು ಪ್ರಶ್ನೆ ಕೇಳಿದ್ದರಿಂದಲೇ ನಾಲ್ಕು ನೂರು ವರ್ಷಗಳ ನಂತರ ನಮಗೆ ಆ ಜಗಲಿ ಕಾಣುತ್ತದೆ. ಅಡ್ಡಾಟಕ್ಕೆ ಗುರಿ ಇಲ್ಲದಿದ್ದರೂ ನಡೆದೀತು, ಪ್ರಶ್ನೆ ಇರಬೇಕು.

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮದೇ ಒಂದು ಕೃತಿಯನ್ನು ಓದಬಹುದು. ಕೂತು ಕುಡಿಯುವ ಕಾಫಿಯ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ಸೂಕ್ಷ್ಮವಾದ ಬರಹ ನನ್ನ ಮಟ್ಟಿಗೆ ಪ್ರವಾಸ ಕಥನವಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಪ್ರಕಟವಾದ ಈ ನೀಳ್ಗತೆ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ದೂರದೂರದ ಓದುಗರಿಗೂ ತಲುಪಿತು. ಕತೆ ತೆರೆದುಕೊಳ್ಳುವುದು ಬೆಂಗಳೂರಿನ ಒಂದು ಹಳೆಯ ಕಾಫಿ ಹೌಸ್‌ನಲ್ಲಿ. ನಿರೂಪಕನಿಗೆ ಅಲ್ಲಿ ಕೆಲಸವೇನೂ ಇಲ್ಲ. ಸುಮ್ಮನೆ ಬರುತ್ತಾನೆ, ಕೂರುತ್ತಾನೆ, ರುಮಾಲು ಕಟ್ಟಿದ ವೇಟರ್ ವಿನ್ಸೆಂಟ್ ಆಡುವ ಒಂದೊಂದು ಮಾತಿನಲ್ಲೂ ಜ್ಞಾನಿಯ ಮಾತನ್ನು ಕೇಳಿಸಿಕೊಳ್ಳುತ್ತಾನೆ. ಇಟಲಿಯ ಲೇಖನಗಳ ಬಿಡುವಿನ ಮನುಷ್ಯ ಇಲ್ಲಿಯೂ ಇದ್ದಾನೆ. ಆದರೆ ಆ ಬಿಡುವು ಎಲ್ಲಿಂದ ಬಂತು ಎಂಬುದನ್ನು ಶಾನಭಾಗರು ಕತೆಯ ಒಳಗೇ ಇಟ್ಟಿದ್ದಾರೆ.

ಈ ಕತೆಯನ್ನು ಹಠಾತ್ತನೆ ಸಿರಿವಂತರಾದ ಕುಟುಂಬದ ನೈತಿಕ ಕುಸಿತವೆಂದು ಓದುವುದು ವಾಡಿಕೆ. ಆ ಓದು ಸರಿಯೇ. ನಾನು ಅದರ ಪಕ್ಕದಲ್ಲಿ ಮೂರು ಸರಕುಗಳನ್ನು ಇಟ್ಟು ಓದಲು ಬಯಸುತ್ತೇನೆ: ಚಹಾಪುಡಿ, ಮಸಾಲೆ, ಕಾಫಿ. ಅಪ್ಪ ಚಹಾಪುಡಿ ಮಾರುವ ಕಂಪನಿಯ ಸೇಲ್ಸ್‌ಮನ್. ಅಂಗಡಿಯಿಂದ ಅಂಗಡಿಗೆ ಹೋಗಿ ಮಾರಿ, ಸಂಜೆ ಮನೆಗೆ ಬಂದು ಹಣ ಮತ್ತು ಬಿಲ್ಲುಗಳನ್ನು ತಾಳೆ ನೋಡುವವನು. ಒಮ್ಮೆ ಲೆಕ್ಕ ಹೊಂದದೆ ಹೋದಾಗ ಆ ಪುಟ್ಟ ಮನೆಯ ಎಲ್ಲರೂ ಅದರ ಸುತ್ತ ಕೂರುತ್ತಾರೆ. ಅಪ್ಪನ ನೌಕರಿ ಹೋಗುತ್ತದೆ. ಬಂದ ಹಣವನ್ನು ಹೂಡಿ ಚಿಕ್ಕಪ್ಪ ‘ಸೋನಾ ಮಸಾಲೆ’ ಶುರುಮಾಡುತ್ತಾನೆ: ಕೇರಳದಿಂದ ಮಸಾಲೆಯನ್ನು ಸಗಟಾಗಿ ತರಿಸಿ, ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಮಾರುವ ವ್ಯಾಪಾರ. ದುಡ್ಡು ಬರುತ್ತದೆ, ಹೊಸ ಮನೆ ಬರುತ್ತದೆ. ಮಗನಿಗೆ ಕಂಪನಿಯಲ್ಲಿ ಒಂದು ಹುದ್ದೆ, ಒಂದು ಕೋಣೆ ಇದೆ. ಕೆಲಸ ಮಾತ್ರ ಇಲ್ಲ. ಅವನು ಕಾಫಿ ಹೌಸ್‌ಗೆ ಬಂದು ಕೂರುತ್ತಾನೆ. ಒಂದೇ ಮನೆತನದ ಏರುಗತಿಯನ್ನು ಕುಡಿಯುವ, ಉಣ್ಣುವ ಪುಡಿಗಳ ಮೂಲಕ ಹೇಳಿದ ಕತೆ ಇದು.

ಈಗ ವಿವರಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ತೆಳುವಾಗಿವೆ ನೋಡಿ. ಚಹಾಪುಡಿಯ ಕಾಲದಲ್ಲಿ ದುಡಿಮೆ ಕಣ್ಣಿಗೆ ಕಾಣುತ್ತದೆ. ಬಿಲ್ಲು, ನೋಟು, ಕೂಡಿಸಿ ಕಳೆಯುವ ಲೆಕ್ಕ, ಮನೆಯವರೆಲ್ಲರ ಆತಂಕ. ಮಸಾಲೆಯ ಕಾಲಕ್ಕೆ ಬಂದಾಗ ಸೋಫಾ ಕಾಣುತ್ತದೆ, ಮಂಚ ಕಾಣುತ್ತದೆ, ಮದುವೆ ಕಾಣುತ್ತದೆ. ಗೋದಾಮಿನ ಒಳಗಿನ ಕೆಲಸ ಮಾತ್ರ ಕತೆಯ ಅಂಚಿನಲ್ಲೇ ಉಳಿಯುತ್ತದೆ. ಮಸಾಲೆಯನ್ನು ಕಟ್ಟುವ ಕೈಗಳು ಯಾವುವು, ಬೆಳೆದವರು ಯಾರು, ನಿರೂಪಕನಿಗೆ ಬೇಕಿಲ್ಲ. ಇದು ಕತೆಗಾರನ ಮರೆವೆಂದು ನನಗೆ ಅನಿಸುವುದಿಲ್ಲ. ಕಾಫಿ ಹೌಸ್‌ನ ಕುರ್ಚಿಯಿಂದ ಕಾಣುವಷ್ಟನ್ನೇ ಆ ಮನುಷ್ಯನಿಂದ ಹೇಳಿಸಿ, ಕಾಣದ್ದನ್ನು ಶಾನಭಾಗರು ಓದುಗರಿಗೆ ಬಿಟ್ಟಿದ್ದಾರೆ. ಆದರೆ ಬಿಟ್ಟದ್ದನ್ನು ಎತ್ತಿಕೊಳ್ಳುವುದು ಓದುಗ ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿನ ಓದುಗನಿಗೆ ‘ಸೋನಾ ಮಸಾಲೆ’ ಎಂದರೆ ದುಡ್ಡು. ಬ್ಯಾಡಗಿಯಲ್ಲಿ ನಿಂತು ಓದಿದವಳಿಗೆ ಮಸಾಲೆ ಎಂದರೆ ಮೊದಲು ಘಾಟು.

ಬ್ಯಾಡಗಿಯಲ್ಲಿ ಹಗುರವಾಗಿ ಅಡ್ಡಾಡಲು ಬರುವುದಿಲ್ಲ. ಸುಗ್ಗಿಯ ದಿನಗಳಲ್ಲಿ, ಅದರಲ್ಲೂ ಪೇಟೆ ನಡೆಯುವ ಸೋಮವಾರ ಮತ್ತು ಗುರುವಾರ, ಎ.ಪಿ.ಎಂ.ಸಿ. ಹತ್ತಿರ ಬರುತ್ತಿದ್ದಂತೆ ಗಂಟಲು ಕೆರೆಯುತ್ತದೆ, ಸೀನು ಬರುತ್ತದೆ. ನೋಟವನ್ನು ಬರೆಯುವ ಮೊದಲೇ ಊರು ಮೂಗನ್ನು ಹಿಡಿದುಕೊಳ್ಳುತ್ತದೆ. ಡಬ್ಬಿ, ಕಡ್ಡಿ ಎಂದು ಬೇರೆ ಬೇರೆ ಲಾಟುಗಳು. ದಲಾಲಿ ಅಂಗಡಿಗಳ ಮುಂದೆ ಕೆಂಪು ಚೀಲಗಳ ಸಾಲು. ಬೆನ್ನಿಗೆ ಚೀಲ ಹೊತ್ತ ಹಮಾಲರು. ಸುಕ್ಕುಸುಕ್ಕಾದ, ಖಾರ ಕಡಿಮೆ ಬಣ್ಣ ಹೆಚ್ಚು ಇರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಇದರಿಂದ ತೆಗೆದ ಬಣ್ಣದೆಣ್ಣೆ ಅಡುಗೆಯಿಂದ ಹಿಡಿದು ತುಟಿಬಣ್ಣದವರೆಗೆ ಹೋಗುತ್ತದೆ. ಇಲ್ಲಿಗೆ ಬರುವ ಕಾಯಿಯೆಲ್ಲ ಇಲ್ಲಿಯದಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಳು ಬರುತ್ತವೆ. 2024ರ ಮಾರ್ಚ್ 11, ಒಂದು ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಆ ದಿನ ಯಾವ ಊರಿನ ಅಡುಗೆಮನೆಯ ಮಸಾಲೆ ಪೊಟ್ಟಣದ ಮೇಲೂ ಅದರ ಸುಳಿವು ಇರಲಿಲ್ಲ.

ಇನ್ನೊಂದು ಕೆಲಸ ಇನ್ನೂ ಸದ್ದಿಲ್ಲದ್ದು. ತೊಟ್ಟು ಬಿಡಿಸುವುದು. ಹೆಂಗಸರು ಸಾಲಾಗಿ ಕೂತು, ಸೆರಗನ್ನು ಮೂಗಿಗೆ ಬಿಗಿದು, ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ. ಕೂಲಿ ಬಿಡಿಸಿದ ತೂಕದ ಮೇಲೆ. ನಮ್ಮ ದೊಡ್ಡಮ್ಮ ಹಲವು ಸುಗ್ಗಿ ಈ ಕೆಲಸ ಮಾಡಿದವಳು. ರಾತ್ರಿ ಬೆರಳುಗಳ ಉರಿ ತಡೆಯಲಾರದೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಲು ಹೆದರುತ್ತಿದ್ದಳು, ಎಲ್ಲಿ ಕಣ್ಣಿಗೆ ತಾಗೀತೋ ಎಂದು. ‘ಘಾಚರ್ ಘೋಚರ್’ ಓದುವಾಗ ಈ ಬೆರಳುಗಳು ನನ್ನ ಕಣ್ಣ ಮುಂದೆ ಬರುತ್ತವೆ. ಕತೆಯ ಸರಕು ಕೇರಳದ್ದು, ಬ್ಯಾಡಗಿಯದಲ್ಲ ಎಂಬುದು ನನಗೆ ಗೊತ್ತು. ಆದರೆ ಪೊಟ್ಟಣ ಎಲ್ಲಿಯದಾದರೂ ಬೆರಳು ಉರಿಯುವುದು ಒಂದೇ ರೀತಿ.

ಮಸಾಲೆಯಿಂದ ಬಂದ ಬಿಡುವು ಯಾರ ಪಾಲಿಗೆ ಬಂತು ಎಂಬುದು ಇದರ ಮುಂದಿನ ಪ್ರಶ್ನೆ. ಕತೆಯಲ್ಲಿ ಮನೆ ಬಿಟ್ಟು ಸುಮ್ಮನೆ ಹೊರಟು ಕಾಫಿ ಹೌಸ್‌ನಲ್ಲಿ ಕೂರುವ ಅನುಕೂಲ ಇರುವುದು ಗಂಡಸಿಗೆ. ಅವನ ಜೊತೆ ಅದೇ ಮೇಜಿನಲ್ಲಿ ಕೂತು ಮಾತಾಡುತ್ತಿದ್ದ ಚಿತ್ರಾ ಎಂಬ ಗೆಳತಿ ಇದ್ದಳು. ಹೆಂಗಸರ ಪರ ದುಡಿಯುವ ಸಂಸ್ಥೆಯೊಂದರಲ್ಲಿದ್ದವಳು. ಅವಳ ಮಾತುಗಳು ಕಿರಿಕಿರಿ ಮಾಡತೊಡಗಿದಾಗ ಅವನು ಅವಳನ್ನು ಕಾಣುವುದನ್ನೇ ಬಿಟ್ಟ. ಹೆಂಡತಿ ಅನಿತಾ, ದುಡಿಯದೆ ತಿನ್ನುವುದನ್ನು ಒಪ್ಪದವಳು. ಅವಳ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಅವನಿಗೊಂದು ಕಾಫಿ ಹೌಸ್ ಇದೆ. ಅವಳಿಗೆ ಆ ಮನೆಯಿಂದ ಹೊರಗೆ ಅಂಥ ಒಂದು ಕುರ್ಚಿ ಇಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಾಗಿ ಅಡುಗೆ ಮಾಡಿ ತಂದ ಒಬ್ಬ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬೈದು ಅಟ್ಟುತ್ತಾರೆ. ಅದು ತಪ್ಪೆಂದು ಗಟ್ಟಿಯಾಗಿ ಹೇಳಿದವಳು ಅನಿತಾ ಒಬ್ಬಳೇ. ಕಾಫಿ ಹೌಸ್‌ನ ಸೊಗಸು ಮೊದಲ ಪುಟಗಳಲ್ಲಿ ನಮ್ಮನ್ನು ಎಷ್ಟು ಸೆಳೆಯುತ್ತದೆಂದರೆ, ಆ ಸೊಗಸಿನ ಬೆಲೆಯನ್ನು ಮನೆಯೊಳಗೆ ಯಾರೋ ತೆರುತ್ತಿದ್ದಾರೆ ಎಂಬುದು ನಮಗೆ ಅರಿವಾಗುವ ಹೊತ್ತಿಗೆ ನಾವೂ ಆ ನಿರೂಪಕನ ಮೇಜಿಗೆ ಕೂತುಬಿಟ್ಟಿರುತ್ತೇವೆ. ಈ ಕತೆಯ ಶಕ್ತಿ ಇರುವುದು ಇಲ್ಲಿ. ಬಿಡುವನ್ನು ಅದು ಹಳಿಯುವುದಿಲ್ಲ. ಬಿಡುವಿನ ರುಚಿ ತೋರಿಸಿ, ಆಮೇಲೆ ಬಿಲ್ಲು ತಂದಿಡುತ್ತದೆ.

ಹೆಂಗಸಿಗೆ ಕುರ್ಚಿ ಇಲ್ಲದಿರುವುದು ನಮ್ಮ ಪಟ್ಟಣಗಳಲ್ಲಿ ಇನ್ನೂ ಸರಳವಾಗಿ ಕಾಣುತ್ತದೆ. ಇಟಲಿಯಲ್ಲಿ ಸಂಜೆ ಮನೆಮಂದಿಯೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಮುಖ್ಯ ಬೀದಿಯಲ್ಲಿ ಅತ್ತಿಂದಿತ್ತ ನಡೆಯುವುದಕ್ಕೆ ‘ಪಸ್ಸೆಜ್ಜಾತಾ’ ಎಂಬ ಹೆಸರಿದೆ. ನಮ್ಮ ಕಡೆ ಗಂಡಸರ ಸಂಜೆಗೆ ‘ಅಡ್ಡಾಡಿ ಬರ್ತೀನಿ’ ಎಂಬ ಎರಡು ಪದ ಸಾಕು. ಹೆಂಗಸರು ಹೊರಡುವಾಗ ವಾಕ್ಯಕ್ಕೆ ಒಂದು ಕೆಲಸ ಸೇರಲೇಬೇಕು: ಗುಡಿಗೆ, ಕಾಯಿಪಲ್ಯಕ್ಕೆ, ಟೇಲರ್ ಹತ್ತಿರ. ರಾಣೆಬೆನ್ನೂರು ದೊಡ್ಡ ವ್ಯಾಪಾರದ ಊರು. 2011ರ ಜನಗಣತಿಯಲ್ಲೇ ಲಕ್ಷ ದಾಟಿತ್ತು. ಜಿಲ್ಲಾ ಕೇಂದ್ರವಾದ ಹಾವೇರಿ ಆಗ 70 ಸಾವಿರವನ್ನೂ ಮುಟ್ಟಿರಲಿಲ್ಲ. ಬೀಜದ ಅಂಗಡಿ, ಬಟ್ಟೆ ಅಂಗಡಿ, ಮೆಡ್ಲೇರಿ ರಸ್ತೆಯ ಗದ್ದಲ, ಮಿರ್ಚಿ ಮಂಡಕ್ಕಿಯ ಗಾಡಿ, ನಾಲ್ಕು ಹೆಜ್ಜೆಗೊಂದು ಚಹಾದಂಗಡಿ. ಒಂದು ಸಂಜೆ ಅಂಥ ಒಂದು ಅಂಗಡಿಯ ಮುಂದೆ ನಿಂತು ನಾನು ಅರ್ಧ ಚಹಾ ಹೇಳಿದೆ. ಅಂಗಡಿಯಾತ ಒಳ್ಳೆಯ ಮನುಷ್ಯ. ಕಾಳಜಿಯಿಂದಲೇ ಕೇಳಿದ: “ಯಾಕ್ರೀ ಅಕ್ಕಾರ, ಬಸ್ ತಪ್ತೇನ್ರಿ?” ಇಲ್ಲ, ಸುಮ್ಮನೆ ಕುಡಿಯೋಣ ಅಂತ ಬಂದೆ ಎಂದೆ. ಅವನು ಒಂದು ಕ್ಷಣ ನೋಡಿ, ಒಳಗಿನಿಂದ ಸ್ಟೂಲು ತಂದು, ರಸ್ತೆಯವರಿಗೆ ಕಾಣದ ಹಾಗೆ ಮೂಲೆಯಲ್ಲಿ ಇಟ್ಟ. ಅದು ಗೌರವವೇ. ಆದರೆ ಆ ಗೌರವದಲ್ಲಿ ಕೂತರೆ ಬೀದಿ ಕಾಣುವುದಿಲ್ಲ.

ನಮ್ಮ ಪಟ್ಟಣಗಳ ಬಗ್ಗೆ ಅಡ್ಡಾಟದ ಗದ್ಯ ವಿರಳವಾಗಿರುವುದಕ್ಕೆ ಊರಿನಲ್ಲಿ ನೋಡುವಂಥದ್ದು ಇಲ್ಲ ಎಂಬುದು ಕಾರಣವಲ್ಲ. ಹಾವೇರಿಯನ್ನೇ ತೆಗೆದುಕೊಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಪುರಸಿದ್ಧೇಶ್ವರ ಗುಡಿ ಊರಿನ ನಡುವೆ ಇದೆ. ಏಲಕ್ಕಿ ಬೆಳೆಯದ ಆ ಊರು ಏಲಕ್ಕಿ ಹಾರಕ್ಕೆ ಹೆಸರಾಗಿದೆ. ಎಲ್ಲಿಯದೋ ಏಲಕ್ಕಿಯನ್ನು ತಂದು, ಬಿಳಿ ಮಾಡಿ, ದಾರಕ್ಕೆ ಪೋಣಿಸುವ ನಯಗಾರಿಕೆ ಪಟವೇಗಾರ ಮನೆತನದ್ದು. 2023ರ ಜನವರಿಯಲ್ಲಿ ಅಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಏಲಕ್ಕಿ ಕಂಪಿನ ನಾಡು ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಆ ಕಂಪಿನ ಬಗ್ಗೆ ಬಂದ ಬರಹಗಳಲ್ಲಿ ಹಾರ ಹಾಕಿಸಿಕೊಂಡ ಕೊರಳುಗಳ ಹೆಸರು ಸಿಗುತ್ತದೆ. ಪೋಣಿಸುವ ಕೈಗಳ ಬಗ್ಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಇಟಲಿಯ ಕಪ್ಪಿನ ಹಾಗೆಯೇ ಇಲ್ಲಿಯ ಹಾರ. ವಸ್ತು ಕಾಣುತ್ತದೆ, ಕೆಲಸ ಕಾಣುವುದಿಲ್ಲ.

ಇದಕ್ಕೊಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೂ ಹೌದು. ಒಂದು ಕಪ್ಪು ಕಾಫಿ ಕುಡಿಯಲು ಇಷ್ಟೆಲ್ಲ ಲೆಕ್ಕ ಕೊಡಬೇಕೆ? ಖುಷಿಗೂ ಬಿಲ್ಲು ಕೇಳುವ ವಿಮರ್ಶೆ ಕೊನೆಗೆ ಯಾರಿಗೂ ಬೇಡವಾಗುತ್ತದೆ. ನಾನು ಖುಷಿಯ ವಿರುದ್ಧ ಇಲ್ಲ. ಬ್ಯಾಡಗಿಯ ಪೇಟೆಯಲ್ಲಿ ಚೀಲ ಇಳಿಸಿ ಬಂದ ಹಮಾಲ ಕಟ್ಟೆಯ ಮುಂದೆ ನಿಂತು, ಗಾಜಿನ ಲೋಟವನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು, ಊದಿ ಊದಿ ಕುಡಿಯುವ ಅರ್ಧ ಚಹಾದಲ್ಲಿ ಇರುವ ಸುಖ ಯಾವ ಕೆಫೆಯ ಸುಖಕ್ಕೂ ಕಡಿಮೆಯದಲ್ಲ. ನಿಜ ಹೇಳಬೇಕೆಂದರೆ ಇಟಲಿಯ ಊರಿನವರು ನಿಂತು ಕುಡಿಯುವ ಕಾಫಿಗೆ ನಮ್ಮಲ್ಲಿ ಅತ್ಯಂತ ಹತ್ತಿರವಾದದ್ದು ಮಹಾನಗರದ ದುಬಾರಿ ಕೆಫೆಯಲ್ಲ, ಈ ಅರ್ಧ ಚಹಾ. ಕಟ್ಟೆ ಅದೇ, ಅವಸರ ಅದೇ, ಎರಡು ಕೆಲಸಗಳ ನಡುವಿನ ಆ ಉಸಿರೂ ಅದೇ. ರೋಮ್‌ನಿಂದ ಬಂದವರು ಅದನ್ನು ಹುಡುಕುತ್ತ ಬೆಂಗಳೂರಿನ ಗಾಜಿನ ಕೆಫೆಗೆ ಹೋಗುತ್ತಾರೆ; ಹಾವೇರಿ ಬಸ್ ನಿಲ್ದಾಣದ ಎದುರು ಅದು ಬೆಳಗಿನ ಐದು ಗಂಟೆಗೇ ಕುದಿಯುತ್ತಿರುತ್ತದೆ.

ಹಾಗಾಗಿ ನಾನು ಕೇಳುತ್ತಿರುವುದು ಖುಷಿಯನ್ನು ಬಿಡಿ ಎಂದಲ್ಲ, ಅದನ್ನು ಪೂರ್ತಿಯಾಗಿ ಬರೆಯಿರಿ ಎಂದು. ‘ಘಾಚರ್ ಘೋಚರ್’ ಅದಕ್ಕೆ ಒಂದು ದಾರಿ ತೋರಿಸಿದೆ, ಅರ್ಧ ದಾರಿ. ಬಿಡುವಿನ ಮೇಜಿನಿಂದ ಮನೆಯೊಳಗಿನ ಹಿಂಸೆಯವರೆಗೆ ಅದು ನಮ್ಮನ್ನು ಕರೆದೊಯ್ಯುತ್ತದೆ. ಗೋದಾಮಿನ ಬಾಗಿಲನ್ನು ಅದು ತೋರಿಸುತ್ತದೆ, ಒಳಗೆ ಹೋಗುವುದಿಲ್ಲ. ಆ ನಿರೂಪಕ ಹೋಗುವವನಲ್ಲ. ಒಳಗೆ ಹೋಗುವ ನಿರೂಪಕಿಯೊಬ್ಬಳು ಬೇಕು. ತೊಟ್ಟು ಬಿಡಿಸುವವರ ಸಾಲಿನಲ್ಲಿ ಕೂತವಳು, ಸಂಜೆ ಕೂಲಿ ಎಣಿಸಿಕೊಂಡವಳು, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ ಎಂದು ಪೇಟೆಯ ಬೀದಿಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದವಳು. ಅವಳ ಕಣ್ಣಿಗೆ ಬಿದ್ದ ಬ್ಯಾಡಗಿಯನ್ನು ಅವಳೇ ಬರೆದರೆ, ಅದು ಪ್ರಬಂಧವೋ ಕತೆಯೋ ಪ್ರವಾಸ ಕಥನವೋ ಎಂದು ವಿಂಗಡಿಸುವ ಕೆಲಸ ನಮ್ಮಂಥ ಸಂಶೋಧಕರಿಗೆ ಇದ್ದೇ ಇದೆ. ಅಲ್ಲಿಯವರೆಗೆ ಇಟಲಿಯ ಮುಂದಿನ ಲೇಖನ ಓದುವಾಗ ಆ ಪುಟ್ಟ ಕಪ್ಪಿನ ತಳದಲ್ಲಿ ಉಳಿದ ಕರಿ ಗಸಿಯನ್ನೂ ಸ್ವಲ್ಪ ನೋಡಿ. ಅದರಲ್ಲಿ ನಮ್ಮ ಘಟ್ಟದ ಬೀಜವೂ ಇದ್ದೀತು.